ಒಂದೂವರೆ ಇಂಚು

ನೆಲದಿಂದ ಮೇಲೇಳುವುದೇ ಉದ್ಧಾರ ಎಂದು ನಂಬಿ ಬೆಳೆದವನು ನಾನು. ನಮ್ಮಲ್ಲಿ ಮನೆ ಕಟ್ಟುವವರು ಪಕ್ಕದ ಮನೆಗಿಂತ ಅರ್ಧ ಅಡಿಯಾದರೂ ಪಾಯ ಎತ್ತರಿಸುತ್ತಾರೆ. ಕಾರು ಕೊಳ್ಳುವವರು ಮೈಲೇಜಿನ ಬೆನ್ನಿಗೇ ಗ್ರೌಂಡ್ ಕ್ಲಿಯರೆನ್ಸ್ ವಿಚಾರಿಸುತ್ತಾರೆ. ಹಂಪು ದಾಟುವಾಗ ಕಾರಿನ ಹೊಟ್ಟೆ ಉಜ್ಜಿದರೆ ನಮ್ಮ ಹೊಟ್ಟೆಯಲ್ಲೇ ಸಂಕಟ. ಹಾಗಿರುವಾಗ, ಇಂಗ್ಲೆಂಡಿಗೆ ಬಂದಿಳಿದ ನನಗೆ ಅಲ್ಲಿರುವ ತಂಗಿಯ ಮಗ, ‘ಮಾವ, ಶನಿವಾರ ಕಾರು ಇಳಿಸೋದಿದೆ, ಜೊತೆಗಿರ್ತೀರಲ್ಲ?’ ಎಂದಾಗ, ಕಾರಿನಿಂದ ಏನೋ ಸಾಮಾನು ಇಳಿಸುವುದಿರಬೇಕೆಂದು ನಾನು ಅಂಗಿಯ ತೋಳು ಮಡಿಸಿದೆ.

ಇಳಿಸಬೇಕಾಗಿದ್ದುದು ಕಾರನ್ನೇ. ಅದೂ ಒಂದೂವರೆ ಇಂಚು.

ಕಾರು 1975ರ ಎಂಜಿಬಿ. ಎರಡು ಬಾಗಿಲು, ಎರಡು ಸೀಟು, ಮೇಲೊಂದು ಬಟ್ಟೆಯ ಚಾವಣಿ. ಎಂಜಿ ಎಂದರೆ ಆಕ್ಸ್‌ಫರ್ಡಿನ ಮೋರಿಸ್ ಗ್ಯಾರೇಜಸ್. ಹತ್ತಿರದ ಆಬಿಂಗ್ಡನ್ ಕಾರ್ಖಾನೆ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಎಂಜಿಬಿ ಕಾರುಗಳನ್ನು ಹೊರತಂದಿತು. ಅವುಗಳಲ್ಲಿ ಹೆಚ್ಚಿನವು ಅಮೆರಿಕಕ್ಕೆ ಹಡಗು ಹತ್ತಿದವು. ತಾಪತ್ರಯ ಬಂದದ್ದೂ ಅಲ್ಲಿಂದಲೇ. ಮೆಲ್ಲಗೆ ಗುದ್ದಿದರೆ ಕಾರಿಗೆ ಪೆಟ್ಟಾಗಬಾರದು, ಬಂಪರು ಇಂತಿಷ್ಟು ಎತ್ತರದಲ್ಲಿರಬೇಕು ಎಂದು ಅಮೆರಿಕದ ಕಾನೂನು ಹೇಳಿತು. ಹೊಸ ಮೈಕಟ್ಟು ರೂಪಿಸುವುದೆಂದರೆ ಭಾರೀ ಖರ್ಚು. 1974ರಲ್ಲಿ ಕಂಪನಿ ಸುಲಭದ ದಾರಿ ಹಿಡಿಯಿತು. ತೆಳ್ಳನೆಯ ಕ್ರೋಮ್ ಬಂಪರು ಕಿತ್ತು, ಮೂತಿಗೆ ದಪ್ಪನೆಯ ಕಪ್ಪು ‘ರಬ್ಬರ್’ ಬಂಪರು ತೊಡಿಸಿ, ಇಡೀ ಕಾರನ್ನೇ ಸುಮಾರು ಒಂದೂವರೆ ಇಂಚು ಎತ್ತಿ ನಿಲ್ಲಿಸಿಬಿಟ್ಟಿತು.

ಇದನ್ನು ಕೇಳಿ ನನಗೆ ಮೈ ಜುಮ್ಮೆಂದಿತು. ಇಪ್ಪತ್ತೊಂದರ ವಯಸ್ಸಿನಲ್ಲಿ ಪೊಲೀಸ್ ಭರ್ತಿಗೆ ಹೋಗಿ, ಅಳತೆಗೋಲಿನ ಕೆಳಗೆ ನಾನೂ ಇದನ್ನೇ ಮಾಡಿದ್ದೆ. ‘ಹಿಮ್ಮಡಿ ಊರಪ್ಪಾ’ ಎಂಬ ಒಂದೇ ಮಾತಿಗೆ ನನ್ನ ನೌಕರಿ ಮುಗಿಯಿತು. ಪಾಪ, ಈ ಕಾರಿಗೆ ಹಾಗೆ ಹೇಳುವವರೇ ಇರಲಿಲ್ಲ. ತುದಿಗಾಲಲ್ಲೇ ಪಾಸಾಗಿ, ತುದಿಗಾಲಲ್ಲೇ ಐವತ್ತು ವರ್ಷ ಸರ್ವೀಸು ಮಾಡಿತ್ತು.

ತುದಿಗಾಲಲ್ಲಿ ನಿಂತವನು ಗಕ್ಕನೆ ತಿರುಗಿದರೆ ಓಲಾಡುತ್ತಾನೆ. ಭಾರವೆಲ್ಲ ಮೇಲೇರಿದ್ದರಿಂದ ಕಾರಿಗೂ ತಿರುವಿನಲ್ಲಿ ಅದೇ ಗತಿ. ಸಾಲದ್ದಕ್ಕೆ ಓಲಾಟ ತಡೆಯುವ ಮುಂದಿನ ಆಂಟಿ ರೋಲ್ ಬಾರನ್ನೂ ಆಗಲೇ ತೆಗೆದುಹಾಕಿದ್ದರು. ಒಂದೆರಡು ವರ್ಷದಲ್ಲಿ ಬುದ್ಧಿ ಬಂದು ಅದನ್ನು ಮತ್ತೆ ಕೊಟ್ಟರಾದರೂ ಎತ್ತರ ಮಾತ್ರ ಕೊನೆತನಕ ಇಳಿಯಲಿಲ್ಲ. ಅಳಿಯ ಹೋದ ವರ್ಷವೇ ಬಾರು ಹಾಕಿಕೊಂಡಿದ್ದ. ಉಳಿದದ್ದು ಹಿಮ್ಮಡಿ ಊರಿಸುವ ಕೆಲಸ.

ಬೆಳಗಿನ ಕಾಫಿ ಮುಗಿಸಿ ಶುರುಮಾಡಿದೆವು. ನಾಲ್ಕೂ ಚಕ್ರಗಳ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳತೆ ಬರೆದುಕೊಂಡೆ. ನನಗೆ ವಹಿಸಿದ್ದ ಜವಾಬ್ದಾರಿ ಅದೊಂದೇ. ಹಿಂದುಗಡೆ, ಲಾರಿಯ ಅಡಿಯಲ್ಲಿ ಇರುವಂಥ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಅದಕ್ಕೂ ಮೇಲಿನ ಆಕ್ಸಲಿಗೂ ನಡುವೆ ಒಂದೊಂದು ಲೋಹದ ದಿಮ್ಮಿ ತುರುಕಿ, ಉದ್ದನೆಯ ಯು-ಬೋಲ್ಟಿನಿಂದ ಬಿಗಿದ. ಮಧ್ಯೆ ಅಡ್ಡಿ ಸೇರಿಸಿದರೆ ಮೇಲಿರುವುದು ಕೆಳಗಿಳಿಯುವ ಈ ಲೆಕ್ಕ ನನಗಿನ್ನೂ ಪೂರ್ತಿ ಇಳಿದಿಲ್ಲ. ಮುಂದುಗಡೆ ಸುರುಳಿ ಸ್ಪ್ರಿಂಗು. ‘ಮಾವ, ದೂರ ನಿಂತ್ಕೊಳ್ಳಿ. ಇದು ಅದುಮಿಟ್ಟ ಸಿಟ್ಟಿದ್ದ ಹಾಗೆ’ ಎಂದು ಜಾಕನ್ನು ಕೂದಲೆಳೆಯಷ್ಟೇ ಇಳಿಸುತ್ತ, ಹಳೆಯದನ್ನು ಬಿಡಿಸಿ ಗಿಡ್ಡದ್ದನ್ನು ಕೂರಿಸಿದ.

ಸಂಜೆ ನಾಲ್ಕಕ್ಕೆ ಕಾರು ನೆಲಕ್ಕಿಳಿಯಿತು. ಟೇಪು ಹಿಡಿದೆ. ಬೆಳಗಿಗಿಂತ ಅರ್ಧ ಇಂಚು ಜಾಸ್ತಿ! ಅಳಿಯನ ಮುಖ ಹುಳಿ ಮಜ್ಜಿಗೆಯಂತಾಯಿತು. ಅವನ ಹೆಂಡತಿ ಚಹಾದ ತಟ್ಟೆ ಹಿಡಿದು ಬಂದವಳು, ‘ಮಾವ ವಿಮಾನ ಇಳಿದ ದಿನ ಸೋಫಾದಲ್ಲಿ ಒರಗಿ ಕೂರೋಕೆ ಎಷ್ಟು ಹೊತ್ತಾಯ್ತು? ಅದೂ ಸ್ವಲ್ಪ ಓಡಾಡ್ಲಿ ಬಿಡ್ರೀ’ ಎಂದಳು. ಅವಳು ತಮಾಷೆಗೆ ಹೇಳಿದ್ದೇ ನಿಜವಾಗಿತ್ತು. ಜಾಕಿನಿಂದ ಇಳಿದ ಕೂಡಲೇ ಟೈರುಗಳು ನೆಲ ಕಚ್ಚಿಕೊಂಡಿರುತ್ತವೆ. ನಾಲ್ಕು ಮಾರು ಉರುಳಿದರಷ್ಟೇ ಸ್ಪ್ರಿಂಗು ತನ್ನ ಜಾಗಕ್ಕೆ ಬರುವುದು.

ಹೊರಟೆವು. ಕುಂಡೆ ರಸ್ತೆಗೆ ತಾಗೀತೆಂಬಷ್ಟು ಕೆಳಗೆ ಕೂತರೆ ಸಾಧಾರಣ ವೇಗವೂ ಭೂತ ಬೆನ್ನಟ್ಟಿದಂತಿರುತ್ತದೆ. ಆದರೆ ಹೋದ ವಾರ ನನ್ನನ್ನು ಬಾಗಿಲಿಗೆ ಒತ್ತಿದ್ದ ಅದೇ ತಿರುವಿನಲ್ಲಿ ಕಾರು ಈಗ ಗರಡಿಯಾಳಿನಂತೆ ಕಾಲೂರಿ ತಿರುಗಿತು. ಬೇಲಿಸಾಲಿನ ಹೂವು ಕಣ್ಣ ಮಟ್ಟಕ್ಕೇ ಬಂದಿತ್ತು. ಮನೆಯ ಬೀದಿಯ ಹಂಪಿನಲ್ಲಿ ಸೈಲೆನ್ಸರ್ ‘ಕರ್ರ್’ ಎಂದಿತು. ನಾನು ‘ಅಯ್ಯೋ!’ ಎಂದೆ. ಅಳಿಯ ಮಾತ್ರ ಮಗು ಮೊದಲ ಸಲ ‘ಅಪ್ಪ’ ಅಂದಂತೆ ಹಿಗ್ಗಿದ.

ಅಂಗಳದಲ್ಲಿ ಮತ್ತೆ ಅಳೆದ. ಸರಿಯಾಗಿ ಒಂದೂವರೆ ಇಂಚು ಇಳಿದಿತ್ತು. ‘ಇನ್ನು ಇಳೀರಿ ಮಾವ’ ಎಂದ.

ಕಾಲು ಹೊರಗಿಟ್ಟೆ, ಬಾಗಿಲು ಹಿಡಿದೆ, ಉಸಿರೆಳೆದುಕೊಂಡೆ. ಈ ಕಾರಿನಿಂದ ಇಳಿಯಬೇಕಾದರೆ ಮೊದಲು ಏರಬೇಕು.

‘ಕೈ ಕೊಡು ಮಾರಾಯ’ ಎಂದೆ.