ಹೆರಾಲ್ಡ್ ಕಾಕಾ

ಊರಿಗೊಬ್ಬ ಹಳೇಗಾಡಿಯ ಮನುಷ್ಯ ಇದ್ದೇ ಇರುತ್ತಾನೆ. ದೇವದುರ್ಗದಲ್ಲಿ ಅವನ ಹತ್ತಿರ ಬುಲೆಟ್ ಇರುತ್ತದೆ, ಮಾನ್ವಿಯಲ್ಲಿ ಯೆಜ್ಡಿ. ರಾಯಚೂರು ಜಿಲ್ಲಾ ಕೇಂದ್ರವಲ್ಲವೆ? ಅಲ್ಲಿಯವನದು ನಾಲ್ಕು ಗಾಲಿ, ಅದೂ ಸ್ಟ್ಯಾಂಡರ್ಡ್ ಹೆರಾಲ್ಡ್.

ಇವರನ್ನು ಹೆರಾಲ್ಡ್ ಕಾಕಾ ಎನ್ನೋಣ. ನೀರಾವರಿ ಇಲಾಖೆಯಿಂದ ನಿವೃತ್ತರು. ಗಾಡಿ ಅಪ್ಪನದು, ಹತ್ತಿ ಅಡತಿ ಅಂಗಡಿಯ ಒಳ್ಳೆ ಕಾಲದಲ್ಲಿ ಬಂದದ್ದು. ಆಸ್ತಿ ಪಾಲಾದಾಗ ಅಣ್ಣನಿಗೆ ಹೊಲ ಹೋಯಿತು, ತಮ್ಮನಿಗೆ ಅಂಗಡಿ, ಕಾಕಾನಿಗೆ ಹೆರಾಲ್ಡ್. ಪಾಲಿನಲ್ಲಿ ಮೋಸ ಹೋದರು ಎಂದು ಓಣಿಯವರೆಲ್ಲ ಮರುಗುತ್ತಾರೆ. ತಾನೇ ಅವರಿಬ್ಬರಿಗೂ ಮೋಸ ಮಾಡಿದೆನಲ್ಲ ಎಂದು ಕಾಕಾ ಒಳಗೊಳಗೇ ಮರುಗುತ್ತಾರೆ.

ಗಾಡಿಯ ಮುಂದೆ ಎರಡು ನಿಮಿಷ ನಿಂತಿರೋ, ವಂಶಾವಳಿ ಶುರುವಾಯಿತು. ‘ಇದರ ಡಿಸೈನ್ ಮಾಡಿದಾವ ಇಟಲಿಯ ಮಿಕೆಲೊಟ್ಟಿ. ಇಂಗ್ಲೆಂಡಿನ್ಯಾಗ ಟ್ರಯಂಫ್ ಹೆರಾಲ್ಡ್ ಅಂತಿದ್ರು. 1961ಕ್ಕ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಕಂಪನಿಯವ್ರು ಇಲ್ಲೇ ಮಾಡಾಕ ಹತ್ತಿದ್ರು. ಇದರ ಚಾಸಿಸ್ಸನ್ನೇ ಗಿಡ್ಡ ಮಾಡಿ 1962ರಾಗ ಸ್ಪಿಟ್‌ಫೈರ್ ತಂದ್ರು ನೋಡ್ರಿ. ಅಂದಮ್ಯಾಲ ನಮ್ದು ಸ್ಪೋರ್ಟ್ಸ್ ಕಾರಿನ ಅಣ್ಣ ಆತಲ್ರಿ?’ ಅಣ್ಣನ ಎಂಜಿನ್ನು 948 ಸಿಸಿ. ಹತ್ತಿ ಹೇರಿಕೊಂಡ ಟ್ರ್ಯಾಕ್ಟರ್ ಹಾರ್ನ್ ಬಾರಿಸುತ್ತ ಅಣ್ಣನನ್ನು ಹಿಂದೆ ಹಾಕಿ ಹೋದರೂ ಕಾಕಾ ಆ ಕಡೆ ನೋಡುವುದಿಲ್ಲ.

ಆದರೆ ತಿರುಗುವುದರಲ್ಲಿ ಹೆರಾಲ್ಡ್‌ಗೆ ಸಾಟಿ ಕಡಿಮೆ. ಸುಮಾರು 25 ಅಡಿ ಜಾಗ ಸಿಕ್ಕರೆ ಪೂರಾ ಒಂದು ಸುತ್ತು ಹಾಕುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಅದಕ್ಕೇ ಕಾಕಾ ತೀನ್ ಕಂದೀಲ್ ಹತ್ತಿರ, ಸಂಜೆಯ ಸಂತೆಗೂಡಿದ ಹೊತ್ತಿಗೆ, ಮಾಡಿ ತೋರಿಸುತ್ತಾರೆ. ಆಟೊದವರು ಬೈಯುತ್ತಾರೆ. ಕಾಕಾ ಅದನ್ನು ಶಹಬ್ಬಾಸ್‌ಗಿರಿ ಎಂದು ತಿಳಿದು ಕೈ ಎತ್ತುತ್ತಾರೆ.

ಇನ್ನು ರಿಪೇರಿ. ಹೆರಾಲ್ಡಿನ ಬಾನೆಟ್ಟು ಮಡ್‌ಗಾರ್ಡಿನ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್ನು, ಗಾಲಿ, ಸ್ಟೀರಿಂಗು ಎಲ್ಲ ಬಯಲು. ಮುಂದಿನ ಟೈರಿನ ಮೇಲೆ ಕೂತು ಕೆಲಸ ಮಾಡಬಹುದು. ಈ ಸೌಕರ್ಯ ಮಾಡಿಕೊಟ್ಟ ಮಿಕೆಲೊಟ್ಟಿಯನ್ನು ಕಾಕಾನ ಹೆಂಡತಿ ಕಾಕು ಎಂದೂ ಕ್ಷಮಿಸಿಲ್ಲ. ಏಕೆಂದರೆ ಬೆಳಗ್ಗೆ ಎಂಟಕ್ಕೆ ಎಡಗಡೆ ಟೈರಿನ ಮೇಲೆ ಕೂತ ಗಂಡ ಊಟಕ್ಕೆ ಕರೆದಾಗ ಬಲಗಡೆ ಟೈರಿನ ಮೇಲಿರುತ್ತಾರೆ, ಅಷ್ಟೇ. ರೊಟ್ಟಿ ಹಿಟ್ಟು ನಾದುವ ಪರಾತದಲ್ಲಿ ಕಾರ್ಬೊರೇಟರ್ ಸ್ನಾನ ಮಾಡುತ್ತಿರುತ್ತದೆ. ಬಂದವರಿಗೆಲ್ಲ ಚಾ ಆಗಬೇಕು, ಮತ್ತು ಬರುವವರಿಗೆ ಕೊರತೆಯಿಲ್ಲ: ಬಾನೆಟ್ ಎತ್ತಿದ ಗಾಡಿ ಕಂಡರೆ ನಮ್ಮ ಕಡೆ ಯಾರೂ ಸುಮ್ಮನೆ ಮುಂದೆ ಹೋಗುವುದಿಲ್ಲ. ‘ಪ್ಲಗ್ಗು ನೋಡಿದ್ರೇನು?’ ಎನ್ನುವ ಒಬ್ಬ, ‘ಕಾಯಿಲ್ ಹೋಗಿರ್ಬೇಕು’ ಎನ್ನುವ ಇನ್ನೊಬ್ಬ, ‘ಮಾರಿಬಿಡ್ರಿ’ ಎನ್ನುವ ಮೂರನೆಯವ. ಮೂರನೆಯವನಿಗೆ ಚಾ ಇಲ್ಲ.

ಪಾನಾಗಳದು ಬೇರೆ ಸಂಸಾರ. ಇಡೀ ರಾಯಚೂರು ಮಿಲಿಮೀಟರಿಗೆ ತಿರುಗಿದರೂ ಹೆರಾಲ್ಡ್ ಇಂಚು ಬಿಟ್ಟಿಲ್ಲ. ಅರ್ಧ ಇಂಚಿನ ಬೋಲ್ಟ್‌ತಲೆ ಎಂದರೆ 12.7 ಮಿ.ಮೀ. ಅದಕ್ಕೆ 13ರ ಪಾನಾ ಹಾಕಿ ಜೋರು ಮಾಡಿದರೆ ಮೂಲೆ ಸವೆದು ಬೋಲ್ಟಿನ ತಲೆ ಉರುಟಾಗುತ್ತದೆ. ಹೊಸ ಹುಡುಗನೊಬ್ಬ ಹಾಗೆ ಮಾಡಿದ ದಿನ ಕಾಕಾ ಊಟ ಬಿಟ್ಟಿದ್ದರು. ಇಂಚಿನ ಪಾನಾಗಳು ಅಲಮಾರಿಯಲ್ಲಿ, ಕಾಕುವಿನ ರೇಷ್ಮೆ ಸೀರೆಗಳ ಕೆಳಗೆ, ಬೀಗದಲ್ಲಿವೆ. ಸಿಗದ ಬುಶ್ಶು, ಪಿನ್ನುಗಳನ್ನು ಜಿನ್ನಿಂಗ್ ಮಿಲ್ಲಿನ ಕೆಲಸ ಮಾಡುವ ಲೇತ್‌ನವರು ಕಡೆದುಕೊಡುತ್ತಾರೆ. ದುಡ್ಡಿಗಿಂತ ಕಾಕಾನ ಕಾಟ ತಪ್ಪಲಿ ಎಂದು.

ಪ್ಲಗ್ಗುಗಳಿಗೆ ಕರೆಂಟು ಹಂಚುವ ಡೆಲ್ಕೊದ ಪಾಯಿಂಟಿಗೆ ಹದಿನೈದು ಥೌ, ಎಂದರೆ ಇಂಚಿನ ಸಾವಿರದಲ್ಲಿ ಹದಿನೈದು ಪಾಲು, ಸಂದು ಇರಬೇಕು, ಅಂದರೆ ಸುಮಾರು 0.38 ಮಿ.ಮೀ. ಅಳೆಯುವ ಫೀಲರ್ ಗೇಜ್ ಎಲ್ಲಿ ಬಿತ್ತೋ ಕಾಕಾ ಅರಿಯರು. ಅದಕ್ಕೇ ಯಾರಾದರೂ ಲಗ್ನಪತ್ರಿಕೆ ಕೊಟ್ಟರೆ, ಗೇಜಿನ ಬದಲಿಗೆ ಆದೀತೇ ಎಂದು, ಮುಹೂರ್ತ ನೋಡುವ ಮೊದಲು ಎರಡು ಬೆರಳಲ್ಲಿ ಹಿಡಿದು ತಿಕ್ಕುತ್ತಾರೆ. ‘ಭಾಳ ಚಲೋ ಸಂಬಂಧ ತಂದೀರಿ, ಕರೆಕ್ಟ್ ಹದಿನೈದು ಅದ.’ ಬೀಗರು ಕಣ್ಣರಳಿಸುತ್ತಾರೆ.

ಇಷ್ಟಾಗಿ ಗಾಡಿ ಹೋಗುತ್ತದೆಯೆ? ಹೋಗುತ್ತದೆ, ಮಾರ್ಚ್ ಮುಗಿಯುವ ತನಕ. ಆಮೇಲೆ ನಮ್ಮ ಬಿಸಿಲಿಗೆ ಪೆಟ್ರೋಲು ಪಂಪಿನಲ್ಲೇ ಕುದಿದು ಆವಿಯಾಗುತ್ತದೆ. ಆವಿಯನ್ನು ಎಳೆಯಲಾರದೆ ಪಂಪು ಸುಮ್ಮನಾಗುತ್ತದೆ, ಗಾಡಿ ನಿಲ್ಲುತ್ತದೆ. ಮದ್ದು ಹಳೆಯದೇ, ಪಂಪಿನ ಮೇಲೆ ಹಸಿ ಬಟ್ಟೆ. ಈಗ ಪೆಟ್ರೋಲಿಗೆ ಎಥನಾಲ್ ಬೇರೆ ಬೆರೆಸಿ, ಹಳೇ ರಬ್ಬರ್ ಪೈಪುಗಳೂ ಸಾಯುತ್ತಿವೆ. ಹೀಗಾಗಿ ಕಾಕಾನ ಭೂಗೋಳ ನಿಂತ ಜಾಗಗಳ ಮೇಲಿದೆ. ದೇವದುರ್ಗದ ದಾರಿಯ ಗಬ್ಬೂರು ಎಂದರೆ ನಮಗೆ ಹಳೇ ಗುಡಿಗಳು, ಅವರಿಗೆ ಕಂಡೆನ್ಸರ್ ಸುಟ್ಟ ಊರು. ಮಾನ್ವಿ ಎಂದರೆ ನಮಗೆ ಜಗನ್ನಾಥದಾಸರು. ಅವರಿಗೆ, ಮದುವೆ ಊಟ ಮುಗಿದ ಮೇಲೆ ತಲುಪಿದ ಊರು.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ನೋಂದಣಿಗೆ 20,000 ರೂಪಾಯಿ, ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿಯಂಥವಕ್ಕೆ, ಇಲ್ಲವೆ ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ ರಸ್ತೆಗಿಳಿಸಬಹುದು. ಕೇಳಿದವರೆಲ್ಲ ಕಾಕಾ ಕುಸಿದುಬಿಡುತ್ತಾರೆ ಎಂದುಕೊಂಡರು. ಅವರೋ ಪೇಪರ್ ಹಿಡಿದು ಅಡುಗೆಮನೆಗೆ ಓಡಿದರು. ‘ನೋಡು, ದಿಲ್ಲಿಯವ್ರು ನನ್ನ ನೋಡೇ ಬರದಾರ!’

‘ಮತ್ತ ನನಗ ನಿಯಮ ಯಾವಾಗ ಮಾಡ್ತಾರಂತ?’ ಎಂದರು ಕಾಕು, ಹೆಂಚಿನ ಮೇಲಿನ ರೊಟ್ಟಿ ತಿರುವಿ.

ಓದುಗರಲ್ಲಿ ಒಂದು ವಿನಂತಿ. ಕಲ್ಮಲಾ ದಾಟಿ ಮಾನ್ವಿ ಕಡೆಗೋ ದೇವದುರ್ಗದ ಕಡೆಗೋ ಹೋಗುವಾಗ, ಬಾನೆಟ್ ಮುಂದಕ್ಕೆ ಮಗುಚಿ ನಿಂತ ಸಣ್ಣ ಗಾಡಿ, ಟೈರಿನ ಮೇಲೆ ಕೂತ ಹಿರಿಯರು ಕಂಡರೆ, ನಿಮ್ಮಲ್ಲಿದ್ದ ನೀರಿನ ಬಾಟಲಿ ಕೊಟ್ಟು ಹೋಗಿ. ಅವರು ಅದನ್ನು ಕುಡಿಯದೆ ಪಂಪಿಗೆ ಸುರಿದರೆ ಬೇಜಾರಾಗಬೇಡಿ. ಏನಾಗಿದೆ ಎಂದು ಮಾತ್ರ ಕೇಳಬೇಡಿ, 1961ರಿಂದ ಶುರು ಮಾಡುತ್ತಾರೆ.