ಗೋತ್ರ: 982

ಮದುವೆ ಮನೆಯಲ್ಲಿ ಒಬ್ಬರಿರುತ್ತಾರೆ. ಎಲೆಗೆ ಉಪ್ಪು ಬೀಳುವ ಮುಂಚೆಯೇ ಪಕ್ಕದಲ್ಲಿ ಕೂತವನ ಊರು ಕೇಳಿ, ಕೇರಿ ಕೇಳಿ, ಅಜ್ಜಿಯ ತವರು ಕೇಳಿ, ಪಾಯಸ ಬರುವಷ್ಟರಲ್ಲಿ ಅವನಿಗೇ ಗೊತ್ತಿಲ್ಲದ ಎರಡು ನೆಂಟಸ್ತಿಕೆ, ಒಂದು ಆಸ್ತಿ ವ್ಯಾಜ್ಯ ಹೊರಗೆಳೆದಿರುತ್ತಾರೆ. ಇಂಥವರು ಅಮೆರಿಕಕ್ಕೆ ಬಂದು, ವಿಚಾರಿಸಿಕೊಳ್ಳಲು ಸಾಕಷ್ಟು ಜನ ಸಿಗದೆ ಹಳೆಯ ಕಾರುಗಳ ಕಡೆ ತಿರುಗಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕೋಡ್ ಮಾವನೇ ಸಾಕ್ಷಿ.

ಡೆಟ್ರಾಯಿಟ್ ಸುತ್ತಮುತ್ತಲ ಕನ್ನಡಿಗರಿಗೆಲ್ಲ ಅವರು ಮಾವ. ಹರಿಹರದ ಲೇತ್ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡು ಇಲ್ಲಿಗೆ ಬಂದವರು, ಮೂವತ್ತು ವರ್ಷ ಗೇರ್‌ಬಾಕ್ಸಿನ ಹಲ್ಲು ಎಣಿಸಿ ನಿವೃತ್ತರಾದರು. ಈಗ ಬೇಸಿಗೆಯ ಭಾನುವಾರ ಎಲ್ಲಿ ನಾಲ್ಕು ಹಳೆಯ ಸ್ಪೋರ್ಟ್ಸ್ ಕಾರು ಸೇರುತ್ತವೋ ಅಲ್ಲಿ ಮಾವ ಹಾಜರು. ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಪುಟ್ಟ ಕನ್ನಡಿ, ಕಂಕುಳಲ್ಲಿ ಯೋಗದ ಚಾಪೆ.

ಚಾಪೆ ಯೋಗಕ್ಕಲ್ಲ. 1963ರಿಂದ 67ರವರೆಗಿನ ಕಾರ್ವೆಟ್ಟುಗಳಲ್ಲಿ ಬಣ್ಣದ ಕೋಡ್ ಒತ್ತಿದ ತಗಡನ್ನು ಗ್ಲೋವ್ ಬಾಕ್ಸಿನ ಕೆಳಗಿನ ಅಡ್ಡಪಟ್ಟಿಗೆ ಜಡಿದಿರುತ್ತಾರೆ. ನೆಟ್ಟಗೆ ಓದಬೇಕೆಂದರೆ ಅಂಗಾತ ಮಲಗಿ ತಲೆಯನ್ನು ಒಳಗೆ ತೂರಿಸಬೇಕು. ಹೊರಗೆ ಕಾಣುವುದು ಬಿಳಿ ಸಾಕ್ಸಿನ ಎರಡು ಕಾಲು ಮಾತ್ರ. ಒಮ್ಮೆ ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಗಾಬರಿಯಾಗಿ ಆಂಬುಲೆನ್ಸಿಗೆ ಫೋನು ಮಾಡಿದ್ದಳು. ಆಂಬುಲೆನ್ಸ್ ಬಂದಾಗ ಮಾವ ಎದ್ದು ಕೂತು, "ನನಗೇನೂ ಆಗಿಲ್ಲ, ಆಗಿರೋದು ಈ ಕಾರಿಗೆ" ಅಂದರಂತೆ.

ಮಾವನ ಶಾಸ್ತ್ರ ಸರಳ. ಕಾರ್ಖಾನೆಯಲ್ಲಿ ಬಳಿದ ಬಣ್ಣ ಅಂದರೆ ಗೋತ್ರ. ಅದನ್ನು ಬದಲಾಯಿಸಲು ನೀನ್ಯಾರು? 1953ರಲ್ಲಿ ಮೊಟ್ಟಮೊದಲ ಕಾರ್ವೆಟ್ಟುಗಳನ್ನು ಇಲ್ಲೇ ಮಿಷಿಗನ್ನಿನ ಫ್ಲಿಂಟಿನಲ್ಲಿ ಕಟ್ಟಿದರು, ಒಟ್ಟು 300. ಮುನ್ನೂರಕ್ಕೆ ಮುನ್ನೂರೂ ಪೋಲೋ ವೈಟ್, ಒಳಗೆ ಕೆಂಪು ಸೀಟು. ಹಾಗಾಗಿ 53ರ ಕಾರು ನೀಲಿಯಾಗಿ ಎದುರಾದರೆ ಮಾವ ಚಾಪೆಯನ್ನೂ ಬಿಚ್ಚುವುದಿಲ್ಲ. ದೂರದಿಂದಲೇ ಲೊಚಗುಟ್ಟಿ, ಸಾವಿನ ಮನೆಗೆ ಬಂದವರಂತೆ ಎರಡು ನಿಮಿಷ ನಿಂತು ಹೊರಟುಬಿಡುತ್ತಾರೆ.

ನಾನು 1966ರ ಕಾರ್ವೆಟ್ ಕೊಂಡಾಗ ಈ ಮಾವನನ್ನು ಕರೆಯುವುದೋ ಬೇಡವೋ ಎಂದು ಮೂರು ವಾರ ಯೋಚಿಸಿದೆ. ಕಾರು ಕೆಂಪಗಿತ್ತು. ಕುಂಕುಮದ ಭರಣಿಗೆ ಚಕ್ರ ಕೊಟ್ಟ ಹಾಗೆ ಕೆಂಪು. ಹೆಂಡತಿ ಈ ಖರ್ಚಿಗೆ ಒಪ್ಪಿದ್ದೇ ಆ ಬಣ್ಣ ನೋಡಿ. ಹಳೆಯ ಸ್ಪೋರ್ಟ್ಸ್ ಕಾರೆಂದರೆ ಕೆಂಪೇ ಇರಬೇಕು ಅನ್ನುವುದು ಅವಳೊಬ್ಬಳ ನಂಬಿಕೆಯೂ ಅಲ್ಲ. ಇಟಲಿಯವರು ರೇಸಿಗೆ ಕೆಂಪು ಬಳಿದು ಇಡೀ ಜಗತ್ತಿಗೆ ಆ ಹುಚ್ಚು ಹಿಡಿಸಿದ್ದಾರೆ. ಮಾರುವ ಮುಂಚೆ ಕೆಂಪು ಬಳಿದರೆ ಬೇಗ ಗಿರಾಕಿ ಸಿಗುತ್ತದೆಂದು ಎಷ್ಟೋ ಬೂದು, ಕಂದು, ಹಸಿರು ಕಾರುಗಳು ಕೆಂಪಾಗಿಹೋಗಿವೆ.

ಕೊನೆಗೆ ಕರೆದೆ. ಕರೆಯದಿದ್ದರೂ ಬರುತ್ತಿದ್ದರು.

ಜಾಣತನ ತೋರಿಸೋಣವೆಂದು ಬಣ್ಣದ ದಪ್ಪ ಅಳೆಯುವ ಮೀಟರನ್ನು ತರಿಸಿಟ್ಟಿದ್ದೆ. ಬಾನೆಟ್ಟಿನ ಮೇಲಿಟ್ಟರೆ ಬರೀ ಗೆರೆ ತೋರಿಸಿತು, ಬಾಗಿಲಿಗಿಟ್ಟರೂ ಗೆರೆ. ಮಾವ ನಕ್ಕರು. "ಕಬ್ಬಿಣದ ಮೀಟರು ಕಣಯ್ಯ ಅದು. ಇದರ ಮೈ ಫೈಬರ್ ಗ್ಲಾಸು. ಗಡಿಗೆಗೆ ಅಯಸ್ಕಾಂತ ಹಿಡಿದರೆ ಏನು ಬಂತು?"

ಆಮೇಲೆ ಬಾಗಿಲು ತೆಗೆದು ಕೀಲಿನ ಸಂದಿಗೆ ಟಾರ್ಚು ಬಿಟ್ಟರು. ರಬ್ಬರ್ ಪಟ್ಟಿಯ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿದರು. ಹುಡುಗಿ ನೋಡಲು ಬಂದ ಗಂಡಿನ ಸೋದರತ್ತೆ ಕೂಡ ಅಷ್ಟು ಸೂಕ್ಷ್ಮವಾಗಿ ನೋಡಲಿಕ್ಕಿಲ್ಲ. ರಬ್ಬರಿನ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಸಿಕ್ಕಿತು. ಮಾವನ ಮುಖ ಅರಳಿತು. ಚಾಪೆ ಹಾಸಿದರು, ಒಳಗೆ ತೂರಿದರು. ತಗಡಿನ ರಿವೆಟ್ಟುಗಳ ತಲೆಯನ್ನು ಕನ್ನಡಿಯಲ್ಲಿ ನೋಡಿದರು, ಏಕೆಂದರೆ ಈಚೆಗೆ ತಗಡುಗಳನ್ನೇ ಹೊಸದಾಗಿ ಒತ್ತಿಸಿ ಗೋತ್ರ ಬದಲಾಯಿಸುವ ಕಿಲಾಡಿಗಳೂ ಇದ್ದಾರೆ. ಒಳಗಿನಿಂದ ದನಿ ಬಂತು. ಗರ್ಭಗುಡಿಯಿಂದ ಬಂದ ಹಾಗೆ.

"ಒಂಬೈನೂರ ಎಂಬತ್ತೆರಡು."

"ಹಾಗಂದ್ರೆ ಮಾವ?"

"ಮಾಸ್‌ಪೋರ್ಟ್ ಗ್ರೀನ್. ಕೆನಡಾದ ರೇಸ್ ಟ್ರ್ಯಾಕಿನ ಹೆಸರು. ನಿನ್ನ ಕಾರು ಹಸಿರು ಕಣಯ್ಯ. ಹೋಗಲಿ, ಕೆಂಪೇ ಬೇಕಿತ್ತು ಅಂದ್ರೆ ಆ ವರ್ಷದ ಕೆಂಪು 974 ಇತ್ತಲ್ಲ, ರ‍್ಯಾಲಿ ರೆಡ್? ಅದನ್ನಾದರೂ ಹೊಡೆಸಿದ್ನಾ ಆ ಪುಣ್ಯಾತ್ಮ? ಇದು ನಿನ್ನೆ ಮೊನ್ನೆಯ ಯಾವುದೋ ಕಾರಿನ ಕೆಂಪು."

ಹೆಂಡತಿ ಕಾಫಿ ತಂದಳು. ಮೊದಲ ಲೋಟ ಮುಗಿಯುವಾಗ ಮಾವ, ಬೆಲೆಯಲ್ಲಿ 10 ಪರ್ಸೆಂಟ್ ಹೋಯಿತು ಅಂದರು. ಚಕ್ಕುಲಿ ಬಂದ ಮೇಲೆ 15 ಆಯಿತು. ಎರಡನೇ ಲೋಟಕ್ಕೆ 25. ಮೂರನೇ ಲೋಟ ತರದೆ ಹೆಂಡತಿ ಕಾರನ್ನು ಉಳಿಸಿದಳು.

ನಾನು ಕೊನೆಯ ಅಸ್ತ್ರ ಬಿಟ್ಟೆ. ಎಂಜಿನ್ ಒರಿಜಿನಲ್, ಬ್ಲಾಕಿನ ಮೇಲೆ ಒತ್ತಿದ ಸಂಖ್ಯೆ ಕಾರಿನ ಸಂಖ್ಯೆಯೊಂದಿಗೆ ತಾಳೆಯಾಗುತ್ತದೆ ಅಂದೆ. ಮಾವನಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ, ಎಂಜಿನ್ನೂ ಅದೇನಾ? ಎಂಜಿನ್ ಬದಲಾಗಿದ್ದಿದ್ರೆ ಇದೊಂದು ಓಡಾಡೋ ಗಾಡಿ, ಯಾವ ಬಣ್ಣ ಆದ್ರೇನು, ಯಾರೂ ಕೇಳ್ತಿರಲಿಲ್ಲ. ಎಲ್ಲಾ ಒರಿಜಿನಲ್ ಇದ್ದು ಬಣ್ಣ ಒಂದೇ ಬೇರೆ ಅಂದ್ರೆ ಏನರ್ಥ? ಜಾತಕ ಪೂರ್ತಿ ಕೂಡಿಬಂದು, ಹಸೆಮಣೆ ಮೇಲೆ ಕೂತಿರೋ ಹುಡುಗ ಮಾತ್ರ ಬೇರೆಯವನು!"

ಅವರ ಮೇಲೆ ನನಗೆ ಸಿಟ್ಟು ಬಂದದ್ದು ಅವರು ಹೇಳಿದ್ದು ನಿಜ ಎಂಬ ಕಾರಣಕ್ಕೆ. ಆಮೇಲೆ ಯಾರು ಯಾರನ್ನು ವಿಚಾರಿಸಿದರೂ ಅದೇ ಮಾತು. ಸುಮ್ಮನೆ ಓಡಿಸುವವನಿಗೆ ಕೆಂಪು ಇಷ್ಟ. ಅವನು ಕೊಡುವ ಬೆಲೆಯೂ ಸುಮ್ಮನೆ ಓಡಿಸುವವನದೇ. ದೊಡ್ಡ ದುಡ್ಡು ಕೊಡುವವನು ಮೊದಲು ತಗಡು ನೋಡುತ್ತಾನೆ, ಆಮೇಲೆ ಕಾರು. ಕಾರ್ವೆಟ್ಟುಗಳನ್ನು ಹಳೆಯ ರೂಪಕ್ಕೆ ತರುವವರದೇ ಒಂದು ಸೊಸೈಟಿ 1974ರಿಂದ ಇದೆ. ಅವರ ಪರೀಕ್ಷೆಯಲ್ಲಿ ತಗಡಿನ ಬಣ್ಣವೂ ಮೈಬಣ್ಣವೂ ಬೇರೆಯಾದರೆ ಅಂಕ ಕಡಿತ. ಬಣ್ಣ ಸರಿಯಿದ್ದು ಕಾರ್ಖಾನೆಯಲ್ಲಿ ಬಳಿದದ್ದಕ್ಕಿಂತ ನುಣುಪಾಗಿದ್ದರೂ ಕಡಿತ! ಕೆಲಸಗಾರ ಅವಸರದಲ್ಲಿ ಒರಟಾಗಿ ಬಳಿದಿದ್ದರೆ ನೀವು ಸಾವಿರಾರು ಡಾಲರ್ ಕೊಟ್ಟು ಅದೇ ಒರಟುತನವನ್ನು ಮರಳಿ ತರಿಸಬೇಕು.

ಹಾಗಾದರೆ ಮತ್ತೆ ಹಸಿರು ಮಾಡಿಸಲೇ? ಅದಕ್ಕೂ ಮಾವನ ಹತ್ತಿರ ಉತ್ತರವಿತ್ತು. ಕೆಂಪಿನ ಮೇಲೆ ಹಸಿರು ಬಳಿಯುವ ಹಾಗಿಲ್ಲ, ಫೈಬರಿನವರೆಗೆ ಕೆರೆಯಬೇಕು. ಕಟು ರಾಸಾಯನಿಕ ಹಾಕಿದರೆ ಅದು ಫೈಬರಿನೊಳಗೆ ಇಂಗುತ್ತದೆ, ಉಜ್ಜುವವನ ಕೈ ಒಂದಿಷ್ಟು ಜೋರಾದರೆ ಎಳೆ ಏಳುತ್ತದೆ. ಕೀಲು, ಸಂದಿ, ಪೆಟ್ರೋಲ್ ಮುಚ್ಚಳದ ಗುಂಡಿ, ಎಲ್ಲಾ ಬಿಚ್ಚಿ ಬಳಿಯಬೇಕು. ಅರೆಬರೆ ಮಾಡಿದರೆ ಹಸಿರಿನ ಸಂದಿಯಲ್ಲಿ ಕೆಂಪು ಇಣುಕುತ್ತದೆ. ಲೆಕ್ಕ ಹಾಕಿದೆ: ಮೂಗಿಗಿಂತ ಮೂಗುತಿ ಭಾರ. ಕಳೆದುಕೊಂಡ ಬೆಲೆಗಿಂತ ಅದನ್ನು ವಾಪಸು ಪಡೆಯುವ ಖರ್ಚೇ ಹೆಚ್ಚು.

ಇಷ್ಟು ಕಟ್ಟುನಿಟ್ಟಿನ ಮನುಷ್ಯ ತಲೆಗೂದಲಿಗೆ ಬಣ್ಣ ಹಚ್ಚುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ. "ಒರಿಜಿನಲ್" ಅಂತ ಬೆಳ್ಳಿಕೂದಲು ಸವರಿಕೊಂಡರೆ ಅತ್ತೆ ಅಡುಗೆಮನೆಯಿಂದಲೇ, "ಡೆಲಿವರಿ ತಗೊಂಡಾಗ ಕಪ್ಪಗಿತ್ತು. ತಗಡು ನೋಡಿ" ಅನ್ನುತ್ತಾರೆ.

ಮಾವನಿಗೆ ಸ್ವಂತ ಕಾರ್ವೆಟ್ ಇದೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಗ್ಯಾರೇಜಿನ ಮೂಲೆಯಲ್ಲಿ, ಹಾಸಿಗೆ ಹೊದಿಕೆಗಳ ಕೆಳಗೆ. 1974ರದು, ಕೋಡ್ 968. ಹೊದಿಕೆ ಸರಿಸಿದರೆ ಗಟ್ಟಿ ಕಂದು, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದ ಬಣ್ಣ. ಅದೇ ವರ್ಷ ಕಿತ್ತಳೆ ಇತ್ತು, ಹಳದಿ ಇತ್ತು, ಎರಡು ಥರದ ಕೆಂಪಿತ್ತು. ಮೊದಲ ಒಡೆಯ ಯಾವ ಬೇಸರದಲ್ಲಿ ಕಂದು ಬರೆಸಿದನೋ, ಅವನ ಮನಸ್ಸಿನ ಭಾರವನ್ನು ಮಾವ ಇಪ್ಪತ್ತು ವರ್ಷದಿಂದ ಹೊತ್ತಿದ್ದಾರೆ. ಹೊರಗೆ ತೆಗೆಯುವುದಿಲ್ಲ. ಬಿಸಿಲಿಗೆ ಬಣ್ಣ ಹೋದೀತು ಅನ್ನುತ್ತಾರೆ. ಹೋದರೆ ಒಳ್ಳೆಯದೇ ಅನ್ನುವುದು ಅತ್ತೆಯ ಅಭಿಪ್ರಾಯ.

ಆಗಸ್ಟಿನ ಮೂರನೇ ಶನಿವಾರ ಡೆಟ್ರಾಯಿಟಿನ ವುಡ್‌ವರ್ಡ್ ಅವೆನ್ಯೂ ಅನ್ನುವುದು ತೇರಿನ ಬೀದಿ. 1995ರಿಂದ ನಡೆದುಬಂದ ಜಾತ್ರೆ. ಹಳೆಯ ಕಾರುಗಳು ಮೈಲಿಗಟ್ಟಲೆ ಸಾಲುಗಟ್ಟುತ್ತವೆ, ಜನ ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಕಳೆದ ಸಲ ಮಾವನನ್ನೂ ಕೂರಿಸಿಕೊಂಡು ಹೊರಟೆ. "ಸ್ಟೀರಿಂಗ್ ಸದ್ದು ಪರೀಕ್ಷೆ ಮಾಡೋಕೆ ಬರ‍್ತಿದ್ದೀನಿ" ಅಂತ ಷರತ್ತು ಹಾಕಿಯೇ ಹತ್ತಿದರು.

ಕಾರು ಆಮೆಯಂತೆ ತೆವಳುತ್ತಿತ್ತು. ಒಂದು ತಿರುವಿನಲ್ಲಿ ತಂದೆಯ ಹೆಗಲ ಮೇಲಿದ್ದ ಪುಟ್ಟ ಹುಡುಗಿ ನಮ್ಮ ಕಾರಿನ ಕಡೆ ಬೆರಳು ತೋರಿಸಿ ಕಿರುಚಿದಳು. ಕುರ್ಚಿಗಳಲ್ಲಿದ್ದ ಮುದುಕರು ಎದ್ದು ಚಪ್ಪಾಳೆ ತಟ್ಟಿದರು. ಯಾರೋ ಮಾವನ ಫೋಟೋ ತೆಗೆದರು. ಮಾವ ಮೊದಲು ಗಂಭೀರವಾಗಿ ತಲೆಯಾಡಿಸಿದರು. ಮುಂದಿನ ಗುಂಪಿಗೆ ಕೈಯೆತ್ತಿದರು. ಅದರ ಮುಂದಿನದಕ್ಕೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ದಸರಾ ಅಂಬಾರಿಯ ಮೇಲೆ ಕೂತವರಂತೆ ಎರಡೂ ಕೈ ಬೀಸಿದರು.

ಗದ್ದಲ ಕಡಿಮೆಯಾದ ಕಡೆ ಒಳಗೆ ಬಂದು ಕೂತು, ಕನ್ನಡಕ ಒರೆಸಿಕೊಂಡರು.

"ಹಸಿರಿರಬೇಕಿತ್ತು ಕಣಯ್ಯ ಇದು."

"ಹೌದು ಮಾವ."

"ತಪ್ಪು ತಪ್ಪೇ."

"ಹೌದು ಮಾವ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮುಂದಿನ ಸಿಗ್ನಲ್ ಕಡೆ ಬೆರಳು ತೋರಿಸಿದರು. "ಅಲ್ಲಿ ಯೂ ಟರ್ನ್ ಇದೆ ನೋಡು. ಆ ಮಗು ಇನ್ನೂ ಅಲ್ಲೇ ಇರುತ್ತೆ."