ಕಾಕಾನ ಜಮಾ, ಕಾಕುವಿನ ಖರ್ಚು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಕೊಡ್ಲಿ, ಈ ಸೀಮೆಯ ಯಾವ ಊರಿಗೆ ಹೋದರೂ ಓಣಿಗೊಬ್ಬ ಹಿಸಾಬಿನ ಕಾಕಾ ಇದ್ದೇ ಇರುತ್ತಾರೆ. ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾದವರಿರಬಹುದು, ಕನ್ನಡ ಸಾಲೆಯ ಮಾಸ್ತರಿರಬಹುದು, ಫರಸಿ ಕಲ್ಲಿನ ವ್ಯಾಪಾರ ಮಗನಿಗೊಪ್ಪಿಸಿ ಕಟ್ಟೆಗೆ ಬಂದು ಕೂತವರಿರಬಹುದು. ಉದ್ಯೋಗ ಏನೇ ಇರಲಿ, ಕಸುಬು ಒಂದೇ: ರೊಕ್ಕ ಉಳಿಸುವುದು, ಹೇಗೆ ಉಳಿಸಬೇಕೆಂದು ಕಂಡಕಂಡವರಿಗೆಲ್ಲ ಹೇಳುವುದು. ಪ್ಯಾಂಟಿನ ಜೇಬಿನಲ್ಲಿ ಮಡಚಿಟ್ಟ ಬಟ್ಟೆಚೀಲ. ಅಂಗಿಯ ಜೇಬಿನಲ್ಲಿ, ಕಂಪನಿಯ ಹಳೇ ಕ್ಯಾಲೆಂಡರ್ ಕತ್ತರಿಸಿ ಬೆನ್ನಿಗೆ ದಾರ ಹಾಕಿ ಹೊಲಿದ ವಹಿ. ವಿಮಾ ಏಜೆಂಟ್ ಪುಕ್ಕಟೆ ಕೊಟ್ಟ ಪೆನ್ನು, ಅದಕ್ಕೆ ಬೇರೆ ಯಾವುದೋ ಪೆನ್ನಿನ ಟೋಪಿ. ಸಂತೆಯಿಂದ ಬರುವವರನ್ನು ಅವರು ಕ್ಷೇಮಸಮಾಚಾರ ಕೇಳುವುದಿಲ್ಲ. "ಟೊಮ್ಯಾಟೊ ಎಷ್ಟಕ್ಕ ತಂದ್ರಿ?" ಎನ್ನುತ್ತಾರೆ. ನೀವು ಏನೇ ಹೇಳಿ, ಉತ್ತರ ಮೊದಲೇ ತಯಾರಿರುತ್ತದೆ: "ನಿಮಗ ಟೋಪಿ ಹಾಕ್ಯಾನ ನೋಡ್ರಿ."

ಇಂಥವರನ್ನು ಜನ ಜಿಪುಣರೆಂದು ಕರೆದು ಮುಗಿಸಿಬಿಡುತ್ತಾರೆ. ಅದು ಸರಿಯಾದ ನಿದಾನವಲ್ಲವೆಂದೇ ನನ್ನ ವಾದ. ಜಿಪುಣ ಗಂಟು ಬಿಚ್ಚುವುದೇ ಇಲ್ಲ. ಹಿಸಾಬಿನ ಕಾಕಾ ದಿನಬೆಳಗಾದರೆ ಗಂಟು ಬಿಚ್ಚುತ್ತಾರೆ, ಆದರೆ ಅದು ಮನೆಯ ಉಳಿದವರ ಗಂಟು. ಆ ಗಂಟಿನಲ್ಲಿರುವುದು ರೊಕ್ಕವಲ್ಲವಾದ್ದರಿಂದ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅದರಲ್ಲಿರುವುದು ಸೊಸೆಯ ಮಧ್ಯಾಹ್ನ, ಮೊಮ್ಮಗನ ಭಾನುವಾರ, ಎಲ್ಲಕ್ಕಿಂತ ಹೆಚ್ಚಾಗಿ ಹೆಂಡತಿಯ, ಅಂದರೆ ಕಾಕುವಿನ, ರಟ್ಟೆ. ಕಾಕಾ ವಹಿಯಲ್ಲಿ ಎರಡೇ ಕಾಲಂ ಇವೆ, ಜಮಾ ಮತ್ತು ಖರ್ಚು. ಯಾರ ಎಷ್ಟು ತಾಸು ಹೋಯಿತು ಎಂಬ ಮೂರನೆಯ ಕಾಲಂ ಹಾಕಿದ ದಿನ ಇಡೀ ಹಿಸಾಬು ತಲೆಕೆಳಗಾಗುತ್ತದೆ. ಕ್ಯಾಲೆಂಡರಿನ ಹಾಳೆ ಸಣ್ಣದು, ಅಲ್ಲಿ ಜಾಗ ಇಲ್ಲ ಎಂದು ಕಾಕಾ ಹೇಳಬಹುದು.

ಒಂದು ಮಾಮೂಲಿ ಉಳಿತಾಯವನ್ನು ಹಿಡಿದು ನೋಡೋಣ. ಕಲಬುರಗಿಯ ಹೋಲ್‌ಸೇಲ್ ಅಂಗಡಿಯಲ್ಲಿ ಎಣ್ಣೆ ಪಾಕೀಟಿಗೆ ಆರು ರೂಪಾಯಿ ಸೋವಿ ಎಂದು ಕಾಕಾಗೆ ಸುದ್ದಿ ಬರುತ್ತದೆ. ಸೇಡಂನಿಂದ ಕಲಬುರಗಿಗೆ 50 ಕಿಲೋಮೀಟರಿಗೂ ಮಿಕ್ಕಿದ ದಾರಿ. ಮೊದಲಾಗಿದ್ದರೆ ಕಾಕಾ ತಾವೇ ರೈಲು ಹತ್ತುತ್ತಿದ್ದರು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡತೊಡಗಿದಾಗಿನಿಂದ ಈ ಸೀಮೆಯ ಜನ ಬಸ್ಸಿಗಿಂತ ಸೋವಿಯೆಂದು ಪ್ಯಾಸೆಂಜರ್ ಗಾಡಿಗೆ ಕಾದವರೇ. (1874ರಲ್ಲಿ ಬಸ್ಸು ಇರಲಿಲ್ಲವೆಂಬುದು ಸಣ್ಣ ಮಾತು. ಇದ್ದಿದ್ದರೂ ಕಾಕಾ ಅಜ್ಜ ಹತ್ತುತ್ತಿರಲಿಲ್ಲ.) ಆದರೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೀಟು ಸೊನ್ನೆಯಾಯಿತು, ಕಾಕಾ ಪ್ರಯಾಣ ಅಲ್ಲಿಗೆ ನಿಂತಿತು. ಹೆಣ್ಣುಮಕ್ಕಳು ಕಾಲೇಜಿಗೆ ಹೋಗಲಿ, ಕೆಲಸಕ್ಕೆ ಹೋಗಲಿ, ತವರಿಗೆ ಹೋಗಿ ಎರಡು ದಿನ ಇದ್ದು ಬರಲಿ ಎಂದು ಹೊರಟ ಯೋಜನೆಯಲ್ಲಿ ಕಾಕಾಗೆ ಕಂಡದ್ದು ಬಿಟ್ಟಿ ಸಾಗಾಣಿಕೆ. "ನಿನಗೇನ್ ರೊಕ್ಕ ಹತ್ತೂದಿಲ್ಲ, ನೀನ ಹೋಗಿ ಬಾ" ಎಂದು ಬಟ್ಟೆಚೀಲ ಕಾಕು ಕೈಗೆ ಬರುತ್ತದೆ. ಮುಂಜಾನೆ ಹೊರಟ ಕಾಕು ನಿಂತುಕೊಂಡೇ ಹೋಗಿ, ಐದು ಪಾಕೀಟು ಎಣ್ಣೆ ಹೊತ್ತು, ನಿಂತುಕೊಂಡೇ ತಿರುಗಿ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ವಹಿಯಲ್ಲಿ ಜಮಾ 30 ರೂಪಾಯಿ. 2025–26ರ ಸಾಲಿನಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ, ಗಂಡಿಗೂ ಅಷ್ಟೇ, ಹೆಣ್ಣಿಗೂ ಅಷ್ಟೇ. ಕಾಕು ಆ ದಿನ ಕೆರೆಯ ಹೂಳೆತ್ತಿದ್ದರೂ ಮನೆಗೆ ಇದರ ಹನ್ನೆರಡು ಪಟ್ಟು ಬರುತ್ತಿತ್ತು. ಹಾಗೆಂದು ಕಾಕುವನ್ನು ಹೂಳೆತ್ತಲು ಕಳಿಸಿ ಎಂದು ಹೇಳುತ್ತಿಲ್ಲ. ಕಾಕಾ ಕಿವಿಗೆ ಈ ಮಾತು ಬಿದ್ದರೆ ಕಳಿಸಿಯೇ ಬಿಟ್ಟಾರು.

ತೊಗರಿಯದು ಇನ್ನೂ ದೊಡ್ಡ ಪುರಾಣ. ಕಲಬುರಗಿ ಎಂದರೆ ತೊಗರಿಯ ಕಣಜ, 2019ರಲ್ಲಿ ಇಲ್ಲಿನ ಬೇಳೆಗೆ ಜಿಐ ಟ್ಯಾಗೂ ಸಿಕ್ಕಿತು. ದಾಲ್ ಮಿಲ್ಲುಗಳಿಗೆ ಜಿಲ್ಲೆಯಲ್ಲಿ ಬರವಿಲ್ಲ. ಆದರೆ ಮಿಲ್ಲಿನವರು ಕೆಜಿಗೆ ಇಷ್ಟು ತಿನ್ನುತ್ತಾರೆಂಬುದು ಕಾಕಾ ನಿದ್ದೆ ಕೆಡಿಸಿದ ಸತ್ಯ. ಆದ್ದರಿಂದ ಸುಗ್ಗಿಯಲ್ಲಿ ಪರಿಚಯದ ರೈತರಿಂದ ಇಡೀ ತೊಗರಿ ಒಂದು ಚೀಲ ಮನೆಗೆ ಬರುತ್ತದೆ. ಮುಂದಿನದನ್ನು ಕಾಕಾ "ಮನ್ಯಾಗ ಬ್ಯಾಳಿ ಮಾಡಿದ್ರಾತು" ಎಂಬ ಮೂರೇ ಮಾತಿನಲ್ಲಿ ಮುಗಿಸುತ್ತಾರೆ. ಆ ಮೂರು ಮಾತಿನ ಒಳಗೆ ಏನಿದೆ ನೋಡಿ. ತೊಗರಿ ಹಸನು ಮಾಡಬೇಕು, ಕಲ್ಲು ಆರಿಸಬೇಕು, ನೆನೆಹಾಕಬೇಕು. ಕೆಮ್ಮಣ್ಣು ಕಲಸಿ ಕಾಳು ಕಾಳಿಗೂ ಹತ್ತುವಂತೆ ತಿಕ್ಕಿ ರಾತ್ರಿ ಗುಂಪೆ ಹಾಕಬೇಕು. ಮುಂಜಾನೆ ಮಾಳಿಗೆಯ ಮೇಲೆ ಹರವಿ, ಮೋಡ ಬಂದರೆ ಓಡಿಹೋಗಿ ಬಳಿದು, ಬಿಸಿಲು ಬಂದರೆ ಮತ್ತೆ ಹರವಿ, ಕಾಳು ಹಲ್ಲಿಗೆ ಕಟಕ್ ಅನ್ನುವವರೆಗೂ ಒಣಗಿಸಬೇಕು. ಜರಡಿ ಹಿಡಿದು ಮಣ್ಣು ಕಳೆಯಬೇಕು. ಬೀಸುವ ಕಲ್ಲಿನಲ್ಲಿ ಒಡೆದು, ಮರದಲ್ಲಿ ಕೇರಿ, ಹೊಟ್ಟು ಬೇರೆ, ನುಚ್ಚು ಬೇರೆ, ಒಡೆಯದೇ ಉಳಿದ ಹಟಮಾರಿ ಕಾಳು ಬೇರೆ ಮಾಡಿ, ಆ ಹಟಮಾರಿಗಳಿಗೆ ಮೊದಲಿನಿಂದ ಇದೇ ಸೇವೆ ಮತ್ತೊಮ್ಮೆ ಮಾಡಬೇಕು. ಈ ಅವಧಿಯಲ್ಲಿ ಕಾಕಾ ಸುಮ್ಮನೆ ಕೂತಿರುತ್ತಾರೆಂದರೆ ಅನ್ಯಾಯವಾದೀತು. ಅವರು ಮಾಳಿಗೆಯ ಮೆಟ್ಟಿಲಲ್ಲಿ ನಿಂತು, ಕೆಳಗೆ ಬಿದ್ದ ಕಾಳು ಆರಿಸುತ್ತಾರೆ, ಎಷ್ಟು ಬಿದ್ದವೆಂದು ಹೇಳುತ್ತಾರೆ.

ಕಾಕಾ ಉಳಿತಾಯಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಸರ್ಕಾರದಿಂದ, ಅದೂ ಸ್ವಂತ ಜಿಲ್ಲೆಯಲ್ಲಿ. 2023ರ ಆಗಸ್ಟ್ 5ರಂದು ಗೃಹಜ್ಯೋತಿ ಯೋಜನೆಗೆ ಕಲಬುರಗಿಯಲ್ಲೇ ಚಾಲನೆ ಕೊಟ್ಟರು. 200 ಯೂನಿಟ್ ತನಕ ಕರೆಂಟ್ ಪುಕ್ಕಟೆ ಎಂದು ಕೇಳಿ ಕಾಕಾ ಮೊದಲ ದಿನ ಪೇಢೆ ಹಂಚುವುದೊಂದು ಬಾಕಿ. ಆಮೇಲೆ ನಿಯಮ ಓದಿದರು. 200 ಎನ್ನುವುದು ಮೇಲಿನ ಮಿತಿ ಮಾತ್ರ. ನಿಮ್ಮ ಪಾಲು 2022–23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅದರ ಮೇಲೆ ಶೇ 10 ಅಷ್ಟೇ. ಆ ವರ್ಷ ಕಾಕಾ ಮನೆಯಲ್ಲಿ ಝೀರೋ ಬಲ್ಬಿನ ಬೆಳಕಿನಲ್ಲಿ ಊಟ, ಫ್ಯಾನು ಎರಡರ ಮೇಲೆ ಹೋದರೆ ಪಂಚಾಯ್ತಿ. ಸರಾಸರಿ 40 ಯೂನಿಟ್ ಬಂದಿತ್ತೆನ್ನಿ, ಪಾಲು 44. ಪಕ್ಕದ ಮನೆಯವ ಹಗಲೂ ರಾತ್ರಿ ಎಲ್ಲಾ ಉರಿಸಿ 150 ಮಾಡಿದ್ದರೆ ಅವನಿಗೆ 165. ಜೀವಮಾನದ ಸಂಯಮಕ್ಕೆ ಸಿಕ್ಕ ಬಹುಮಾನ ನಾಲ್ಕು ಯೂನಿಟ್, ದುಂದುಗಾರನಿಗೆ ಹದಿನೈದು! ಮುಂದೆ 2024ರ ಆರಂಭದಲ್ಲಿ, 48 ಯೂನಿಟ್ಟಿಗಿಂತ ಕಡಿಮೆ ಬಳಸುವವರಿಗೆ ಶೇ 10ರ ಬದಲು ಹತ್ತು ಯೂನಿಟ್ ಹೆಚ್ಚು ಕೊಡುವುದೆಂದು ಮಂತ್ರಿಮಂಡಲ ತೀರ್ಮಾನಿಸಿದಾಗ ಕಾಕಾ ಪಾಲು 50ಕ್ಕೆ ಏರಿ ಸ್ವಲ್ಪ ಸಮಾಧಾನವಾಯಿತು. ಆದರೂ ಪಕ್ಕದ ಮನೆಯ ಕಿಟಕಿಯಲ್ಲಿ ದೀಪ ಕಂಡಾಗೆಲ್ಲ ಅವರ ಮುಖ ನೋಡುವಂತಿಲ್ಲ.

ರೊಕ್ಕದ ಸಲಹೆ ಒಂದು ಕಡೆಯಾದರೆ, ಟೆನ್ಷನ್ ಕಳೆಯುವ ಸಲಹೆಯೂ ಕಾಕಾ ಬಳಿ ಪುಕ್ಕಟೆ ಸಿಗುತ್ತದೆ. ಮುಂಜಾನೆ ಐದಕ್ಕೆ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಸೂರ್ಯೋದಯದ ಚಿತ್ರ, ಕೆಳಗೆ ದೀರ್ಘವಾಗಿ ಉಸಿರಾಡಿ, ನಗುತ್ತಿರಿ, ಇದ್ದುದರಲ್ಲಿ ತೃಪ್ತಿಪಡಿ. ಸೊಸೆ ಡಬ್ಬಿ ಕಟ್ಟುತ್ತ, ಮಗುವಿನ ಬೂಟು ಹುಡುಕುತ್ತ ಇರುವ ಹೊತ್ತಿಗೆ ಸರಿಯಾಗಿ ಕಾಕಾ ಪಡಸಾಲೆಯಿಂದ, "ಅಷ್ಟ್ಯಾಕ ಗಡಿಬಿಡಿ ಮಾಡ್ತಿ ತಂಗಿ, ಟೆನ್ಷನ್ ತಗೋಬ್ಯಾಡ, ಬಿ.ಪಿ. ಬರ್ತದ" ಎನ್ನುತ್ತಾರೆ. ಮಾತು ಒಳ್ಳೆಯದೇ, ಪ್ರೀತಿಯದೇ. ಆದರೆ ದೇಶದ ಸಮಯ ಬಳಕೆಯ ಸಮೀಕ್ಷೆ 2019ರಲ್ಲಿ ಕಂಡುಕೊಂಡದ್ದು ಇದು: ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ನಡುವಿನ 202 ನಿಮಿಷ ದೀರ್ಘ ಉಸಿರಾಟದಿಂದ ತುಂಬುವಂಥದ್ದಲ್ಲ. ಆ ಡಬ್ಬಿಗೆ ಮುಚ್ಚಳ ಹಾಕಿಕೊಟ್ಟಿದ್ದರೆ ಟೆನ್ಷನ್ ಕಾಲು ಭಾಗ ಇಳಿಯುತ್ತಿತ್ತು. ಅದಕ್ಕೂ ಖರ್ಚೇನೂ ಇರಲಿಲ್ಲ. ಪುಕ್ಕಟೆ ಸಿಗುವ ಇಷ್ಟು ದೊಡ್ಡ ವಸ್ತು ಕಾಕಾ ಕಣ್ಣಿಗೆ ಹೇಗೆ ಬೀಳಲಿಲ್ಲವೋ.

ಇಲ್ಲಿ ಕಾಕಾ ಪರವಾಗಿ ಎದ್ದು ನಿಲ್ಲುವವರಿದ್ದಾರೆ. ಮಳೆ ನಂಬಿ ಬಿತ್ತುವ ಸೀಮೆಯಿದು. ಕಾರ್ಖಾನೆಯ ಸೈರನ್ ಒಮ್ಮೆ ನಿಂತರೆ ಊರೇ ನಿಂತ ನೆನಪೂ ಇಲ್ಲಿದೆ. ಶಹಾಬಾದಿನ ಹಳೇ ಸಿಮೆಂಟ್ ಕಾರ್ಖಾನೆ, ಸೇಡಂ ತಾಲ್ಲೂಕಿನ ಕುರಕುಂಟಾದ ಸಿಸಿಐ ಕಾರ್ಖಾನೆ ಬಾಗಿಲು ಹಾಕಿದಾಗ ಪಗಾರ ನಿಂತ ಮನೆಗಳಲ್ಲಿ ಉದ್ರಿ ಬೆಳೆದದ್ದನ್ನು ಕಂಡವರು ಒಂದು ರೂಪಾಯಿಗೆ ಮರ್ಯಾದೆ ಕೊಡುವುದು ತಪ್ಪೇ? ತಪ್ಪಲ್ಲ. ತನಗಾಗಿ ಕಾಕಾ ಏನನ್ನೂ ಕೊಳ್ಳುವುದಿಲ್ಲ, ಅಂಗಿಯ ಕಾಲರ್ ಹರಿದರೆ ತಿರುಗಿಸಿ ಹೊಲಿಸುತ್ತಾರೆ ಎಂಬುದೂ ಖರೆ. ಅವರ ಹಿಸಾಬಿನ ಬುಡದಲ್ಲಿರುವುದು ಆಸೆಗಿಂತ ಹೆಚ್ಚಾಗಿ ಹೆದರಿಕೆ. ಹೆದರಿದವರ ಮೇಲೆ ಕೋಪ ಬರುವುದಿಲ್ಲ. ಆದರೆ ಅದೇ ಕಾರ್ಖಾನೆ ಮುಚ್ಚಿದ ದಿನಗಳಲ್ಲಿ ಒಲೆ ಆರದಂತೆ ನೋಡಿಕೊಂಡವರು ಯಾರು ಎಂದು ಕೇಳಿದರೆ ವಾದ ಮತ್ತೆ ನನ್ನ ಕಡೆಗೇ ಬರುತ್ತದೆ. ಈ ಸೀಮೆಯ ದೊಡ್ಡ ಉಳಿತಾಯವೆಲ್ಲ ಹೆಂಗಸರು ಕಂಡುಹಿಡಿದದ್ದು. ಆ ಉಳಿತಾಯಗಳಲ್ಲಿ ರೊಕ್ಕದ ಜೊತೆಗೆ ಹೊತ್ತೂ ಉಳಿಯುತ್ತದೆ. ಖಡಕ್ ರೊಟ್ಟಿಯನ್ನೇ ನೋಡಿ: ನಾಲ್ಕು ಮನೆಯವರು ಕೂಡಿ ಒಂದು ದಿನ ಬಡಿದು ಒಣಗಿಸಿಟ್ಟರೆ ವಾರಗಟ್ಟಲೆ ಒಲೆಯ ಕೆಲಸ ಅರ್ಧ. ಜೊತೆಗೆ ಶೇಂಗಾ ಹಿಂಡಿ ಇದ್ದರೆ ಪಲ್ಯದ ಹಂಗೂ ಇಲ್ಲ. ಭಿಶಿಯೂ ಹಾಗೆಯೇ. ಹನ್ನೆರಡು ಜನ ತಿಂಗಳಿಗೆ ಐನೂರರಂತೆ ಹಾಕಿದರೆ ಸರದಿ ಬಂದವಳ ಕೈಗೆ ಇಡಿಯಾಗಿ ಆರು ಸಾವಿರ, ಬಡ್ಡಿಯಿಲ್ಲ, ಬ್ಯಾಂಕಿಗೆ ಎಡತಾಕುವುದಿಲ್ಲ, ಮೇಲೆ ಒಂದು ಸಂಜೆ ನಗೆ, ಹರಟೆ, ಸೂಸಲಾ, ಮಿರ್ಚಿ ಭಜಿ. ಇದಕ್ಕಿಂತ ಒಳ್ಳೆಯ ಟೆನ್ಷನ್ ಔಷಧ ಕಾಕಾ ಫಾರ್ವರ್ಡುಗಳಲ್ಲಿ ಬಂದಿಲ್ಲ. ಭಜಿ ತಿಂದದ್ದು ಮಾತ್ರ ಅವರ ವಹಿಯಲ್ಲಿ ಖರ್ಚಿನ ಕಡೆ ಬೀಳುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಮಿತವಾಗಿ ಬದುಕುವುದು ನಮ್ಮ ನೆಲದ ಗುಣ, ಶರಣರ ನಾಡಿದು, ಕಾಕಾ ಅದರ ವಾರಸುದಾರ ಎನ್ನುತ್ತಾರೆ. ಶರಣರ ಹೆಸರೆತ್ತಿದ ಮೇಲೆ ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯನ ಕಥೆಯನ್ನೂ ಕೇಳಬೇಕಾಗುತ್ತದೆ. ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ದಂಪತಿಗಳವರು. ಒಂದು ದಿನ ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಗದರಿಸಿ, ಹೆಚ್ಚಿನದನ್ನು ಇದ್ದಲ್ಲಿಯೇ ಹಾಕಿ ಬಾ ಎಂದು ತಿರುಗಿ ಕಳಿಸಿದಳು. ಸಾಕು ಎನ್ನುವ ಅಳತೆ ಹೆಂಡತಿಯ ಬಳಿ ಇತ್ತು, ಗಂಡ ಒಪ್ಪಿಕೊಂಡು ನಡೆದ. ಈಗಿನ ಕಾಕು "ಮನ್ಯಾಗ ಆರು ತಿಂಗಳಿಗಾಗೂವಷ್ಟು ಎಣ್ಣಿ ಅದ ರೀ" ಎಂದರೆ ಕಾಕಾ ಕೇಳುವುದು, "ನಾಳಿ ತುಟ್ಟಿ ಆದ್ರ?" ಎಂದು. ವಾರಸುದಾರಿಕೆ ಎಲ್ಲಿಯೋ ಗಂಡಸರ ಕಡೆಯಿಂದ ಜಾರಿದೆ ಅನ್ನಿಸುತ್ತದೆ. ಇಷ್ಟಾಗಿ ಜಿಲ್ಲಾಕೇಂದ್ರ ದಾಸೋಹಕ್ಕೇ ಹೆಸರಾದ ಶರಣಬಸವೇಶ್ವರರ ಊರು. ಅಲ್ಲಿಗೆ ಹೋದಾಗ ಕಾಕಾ ಪ್ರಸಾದದ ಪಂಕ್ತಿಯಲ್ಲಿ ತಪ್ಪದೆ ಕೂರುತ್ತಾರೆ, ಹೊಟೇಲಿನ ಊಟ ಉಳಿಯಿತೆಂದು ಬರೆದುಕೊಳ್ಳುತ್ತಾರೆ.

ಹಾಗಾದರೆ ಮನೆಯವರು ಹೇಗೆ ಬದುಕಿದ್ದಾರೆ ಎಂದು ಕೇಳಬಹುದು. ಅವರೂ ಹಿಸಾಬು ಕಲಿತಿದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಪಾರಾ 42–43 ಡಿಗ್ರಿ ದಾಟುತ್ತದೆ. ಫರಸಿ ಹೊದಿಸಿದ ಮಾಳಿಗೆ ಸಂಜೆ ಏಳಕ್ಕೂ ಕೈ ಇಡಗೊಡುವುದಿಲ್ಲ. ಕೂಲರಿಗೆ ಕಾಕಾ ಬಟ್ಟೆ ಹೊದಿಸಿ ಇಟ್ಟಿರುತ್ತಾರೆ, ನೆಂಟರು ಬಂದಾಗ ಬಟ್ಟೆ ತೆಗೆದು ತೋರಿಸುತ್ತಾರೆ. ಮಧ್ಯಾಹ್ನ ಬಿಸಿಲು ತಡೆಯದಾದಾಗ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೊರಡುತ್ತಾರೆ. ಅಲ್ಲಿ ಎ.ಸಿ. ಇದೆ, ತಣ್ಣನೆಯ ನೀರಿದೆ, ಪುಕ್ಕಟೆ ಪೇಪರಿದೆ, ಎಂಟ್ರಿ ಹಾಕಿಸುವ ಸಾಲು ಉದ್ದವಿದ್ದಷ್ಟೂ ಲಾಭ. ಅವರು ಓಣಿ ತಿರುಗಿದ್ದೇ ತಡ, ಕಾಕು ಬಟ್ಟೆ ತೆಗೆದು ಕೂಲರಿಗೆ ನೀರು ಹಾಕುತ್ತಾಳೆ. ಇದು ಕಣ್ಣು ಮುಚ್ಚಿ ಮಾಡುವ ದುಂದಲ್ಲ. ಕೂಲರ್ 165 ವಾಟಿನದು, ದಿನಕ್ಕೆ ಎರಡು ತಾಸು ಓಡಿದರೆ ತಿಂಗಳಿಗೆ ಹತ್ತು ಯೂನಿಟ್. ಸರ್ಕಾರ ಹೆಚ್ಚಿಗೆ ಕೊಟ್ಟದ್ದೂ ಹತ್ತೇ. ಕಾಕು ಇದನ್ನು ಎಲ್ಲೂ ಬರೆದಿಟ್ಟಿಲ್ಲ, ಬೆರಳಿನ ಗೆಣ್ಣಿನಲ್ಲಿ ಎಣಿಸಿದ್ದಾಳೆ. ಸೊಸೆ, ಮೊಮ್ಮಕ್ಕಳು, ಎದುರು ಮನೆಯ ಇಬ್ಬರು ಹೆಂಗಸರು ಕೂಲರ್ ಮುಂದೆ ಚಾಪೆ ಹಾಸಿ ಉರುಳುತ್ತಾರೆ. ಬ್ಯಾಂಕಿನ ಸಾಲು ಸಣ್ಣದಾಗುವ ಲಕ್ಷಣ ಕಂಡ ವಾರ, ಸಂತೆಯಲ್ಲಿ ಉಳ್ಳಾಗಡ್ಡಿ ಕೆಜಿಗೆ ಎರಡು ರೂಪಾಯಿ ಸೋವಿಯಂತೆ ಎಂಬ ಸುದ್ದಿ ಅಡುಗೆಮನೆಯಿಂದ ಪಡಸಾಲೆಗೆ ತೇಲಿ ಬರುತ್ತದೆ. ತಿಂಗಳ ಕೊನೆಗೆ ಜೆಸ್ಕಾಂನವರು ಬಂದು ಮೀಟರ್ ನೋಡಿ ಬಿಲ್ ಹರಿದು ಕೊಡುತ್ತಾರೆ: ಬಳಕೆ 49 ಯೂನಿಟ್, ಕಟ್ಟಬೇಕಾದದ್ದು ಸೊನ್ನೆ. ಕಾಕಾ ಆ ಚೀಟಿ ಹಿಡಿದು ಕಟ್ಟೆಗೆ ಬಂದು ಒಬ್ಬೊಬ್ಬರಿಗೂ ತೋರಿಸುತ್ತಾರೆ.

"ಹೆಂಗ ಕಂಟ್ರೋಲ್ ಮಾಡೀನಿ ನೋಡ್ರಿ!"